ಹಸಿ ಗೋಡೆಯ ಮೇಲೆ ಒಂದು ಹೆಸರು

ಹಸಿ ಗೋಡೆಯ ಮೇಲೆ ಗಂಡನ ಹೆಸರು ಕಂಡು ಅಂಜಿನಮ್ಮನ ಎದೆ ಧಸಕ್ಕೆಂದಿತು. ಅವಳು ನಲ್ಲಿಯ ಹತ್ತಿರ ಬಾಂಡ್ಲಿ ತೊಳೆದು ಬರುವಷ್ಟರಲ್ಲಿ ಯಾರೋ ಮೊಳೆಯಿಂದ ಕೊರೆದಿದ್ದರು. ನಾಲ್ಕನೇ ಕ್ಲಾಸಿನವರೆಗಿನ ಓದು ಅವಳದು. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು. ‘ಕಟ್ಟಿದವರು: ಶ್ರೀನಿವಾಸಯ್ಯ.’ ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಆ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಈಗ ಅದು ಬಸವನಗುಡಿಯ ಬೀದಿಗೆ ಮುಖಮಾಡಿ ನಿಂತಿತ್ತು.

ಇದು ಮೇಷ್ಟ್ರ ಕೆಲಸವೇ ಎಂದು ಗೊತ್ತಾಗಲು ಹೊತ್ತು ಬೇಕಾಗಲಿಲ್ಲ. ಮನೆಯ ಯಜಮಾನರಾದ ಬದರೀನಾರಾಯಣ ರಿಟೈರಾದ ಇತಿಹಾಸದ ಮೇಷ್ಟ್ರು. ಬಿದ್ದುಹೋದ ಕಾಂಪೌಂಡನ್ನು ಅಂಜಿನಮ್ಮನೂ ಮೇಸ್ತ್ರಿಯಾದ ಅವಳ ಗಂಡನೂ ಮತ್ತೆ ಎಬ್ಬಿಸಿದ ಹತ್ತು ದಿನವೂ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಚೀನಾದ ಮಹಾಗೋಡೆಯ ಪಾಠ ಮಾಡಿದ್ದರು. ಎದ್ದು ಹೋಗಲಾರದ ಕ್ಲಾಸು ಅವರಿಗೆ ಬಹಳ ದಿನದ ಮೇಲೆ ಸಿಕ್ಕಿತ್ತು. ಅಲ್ಲಿ ಸುಣ್ಣಕ್ಕೆ ಅಕ್ಕಿಗಂಜಿ ಕಲಸಿದ್ದರೆಂದು ಕೇಳಿ ಗಂಡ ನಕ್ಕಿದ್ದ. ಆದರೆ ಕೂಲಿಗಳು ಚಳಿಗೆ, ಹಸಿವಿಗೆ ಸಾಲುಸಾಲಾಗಿ ಸತ್ತರು, ಹೆಣಗಳನ್ನು ಗೋಡೆಯೊಳಗೇ ಹಾಕಿ ಮುಚ್ಚಿದರೆಂದು ಜನ ಹೇಳುತ್ತಾರೆ ಎಂದಾಗ ಅಂಜಿನಮ್ಮ, “ಬಿಡ್ತು ಅನ್ನಿ ಮೇಷ್ಟ್ರೇ” ಅಂದಿದ್ದಳು. ಕೆಲಸದ ಜಾಗದಲ್ಲಿ ಆಡುವ ಮಾತೇ ಅದು? ಮೇಷ್ಟ್ರು ಬಿಡ್ತು ಅನ್ನಲಿಲ್ಲ.

ಗಂಡ ಮಧ್ಯಾಹ್ನವೇ ಪ್ಲಾಸ್ಟರಿಂಗ್ ಮುಗಿಸಿ ಬಿನ್ನಿಪೇಟೆಗೆ ಹೋಗಿದ್ದ. ಅಲ್ಲಿ ನಾಲ್ಕನೇ ಮಹಡಿಯ ಹೊರಗೋಡೆ, ಬೊಂಬಿನ ಸಾರವೆಯ ಮೇಲೆ ನಿಂತು ಮಾಡುವ ಕೆಲಸ. ಫೋನ್ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಸಾರವೆ ಹತ್ತುವಾಗ ಅವನು ಫೋನನ್ನು ಕೆಳಗೆ ಊಟದ ಚೀಲದಲ್ಲಿಟ್ಟು ಹೋಗುತ್ತಾನೆಂದು ಅವಳಿಗೆ ಗೊತ್ತು. ಗೊತ್ತಿದ್ದರೂ ಇನ್ನೆರಡು ಸಲ ಮಾಡಿದಳು. ಅವಳ ಅಣ್ಣನೂ ಮೇಸ್ತ್ರಿಯೇ. ಊರ ತುಂಬ ಗೋಡೆ ಎಬ್ಬಿಸಿದವನು. ಅವನ ಹೆಸರನ್ನು ಸಿಮೆಂಟಿನ ಮೇಲೆ ಅವಳು ಕಂಡಿದ್ದು ಒಂದೇ ಕಡೆ, ಸಮಾಧಿಯಲ್ಲಿ. ಅದನ್ನೂ ಹೀಗೇ, ಹಸಿ ಇರುವಾಗ, ಮೊಳೆಯಿಂದ ಬರೆದವನು ಅವಳ ಗಂಡನೇ.

ಮೇಷ್ಟ್ರು ಮೊಳೆ ಹಿಡಿದುಕೊಂಡೇ ಹೊರಗೆ ಬಂದರು. ಮುಖದ ತುಂಬ ನಗು.

“ನೋಡಿದ್ಯೇನಮ್ಮಾ? ಚೀನಾದ ಗೋಡೇನ ಅಷ್ಟು ಲಕ್ಷ ಜನ ಕಟ್ಟಿದ್ರು, ಉಳಿದಿದ್ದು ರಾಜನ ಹೆಸರು. ನಮ್ಮನೆ ಗೋಡೆಗೆ ಆ ಅನ್ಯಾಯ ಬೇಡ ಅಂತ ನಾನೇ ಬರ್ದೆ.”

“ಅಳಿಸ್ಬಿಡ್ತೀನಿ ಮೇಷ್ಟ್ರೇ. ಬದುಕಿರೋರ ಹೆಸರು ಹಿಂಗೆಲ್ಲ ಬರೀಬಾರ್ದು.”

“ಅಯ್ಯೋ, ಇದು ಮರ್ಯಾದೆ ಕಣಮ್ಮಾ! ಈ ಕಾಲದಲ್ಲೂ ಮೂಢನಂಬಿಕೇನಾ?”

“ಆ ಗೇಟಿನ ಕಂಬದ ಕಲ್ಲಲ್ಲಿ ಹೆಸರೈತಲ್ಲ, ಆ ದೊಡ್ಡೋರು ಈಗೆಲ್ಲವ್ರೆ?”

ಮೇಷ್ಟ್ರು ತಿರುಗಿ ನೋಡಿದರು. “ನಮ್ಮ ತಂದೆಯೋರು,” ಎಂದರು. “ಹೋಗಿ ಬಹಳ ವರ್ಷ ಆಯ್ತು.”

ಅಂಜಿನಮ್ಮ ಮತ್ತೆ ಫೋನ್ ಮಾಡಿದಳು. ಎತ್ತಲಿಲ್ಲ. ಗೋಡೆ ಆಗಲೇ ಬಿಗಿಯುತ್ತಿತ್ತು. ಇನ್ನರ್ಧ ಗಂಟೆ ಕಳೆದರೆ ಉಳಿ ಹಿಡಿದು ಕೆತ್ತಬೇಕಾಗುತ್ತಿತ್ತು. ಮೇಷ್ಟ್ರನ್ನು ಕೇಳುತ್ತ ಕೂರಲಿಲ್ಲ. ನೀರು ಚಿಮುಕಿಸಿ, ಉಜ್ಜುವ ಹಲಗೆಯನ್ನು ಎರಡೂ ಕೈಯಲ್ಲಿ ಒತ್ತಿ ತಿರುಗಿಸಿದಳು. ‘ಯ್ಯ’ ಹೋಯಿತು, ‘ಸ’ ಹೋಯಿತು. ‘ಶ್ರೀ’ ಮಾತ್ರ ಆಳಕ್ಕೆ ಕೂತುಬಿಟ್ಟಿತ್ತು. ಚೀಲದ ತಳದಲ್ಲಿದ್ದ ಸಿಮೆಂಟನ್ನು ಅಂಗೈಯಲ್ಲೇ ಕಲಸಿ ಅದಕ್ಕೆ ಮೆತ್ತಿದಳು.

ಆಗ ಫೋನ್ ಹೊಡೆದುಕೊಂಡಿತು.

“ಏನೇ ಅದು, ಅಷ್ಟ್ ಸಲ ಮಾಡಿದ್ದೀಯ? ಟೀ ಕುಡಿಯೋಕೆ ಈಗಿಳ್ದೆ.”

“ಏನಿಲ್ಲ. ಭದ್ರವಾಗಿ ಹಿಡ್ಕೊಂಡು ಹತ್ತಿ,” ಎಂದಳು. ಅಷ್ಟು ಹೇಳುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು.

ಜೀವ ಹಗುರವಾದ ಮೇಲೆ ಮೇಷ್ಟ್ರ ಸಪ್ಪೆ ಮುಖ ಕಂಡು ಅವಳಿಗೆ ಪಾಪ ಅನ್ನಿಸಿತು. ಎಷ್ಟಾದರೂ ಒಳ್ಳೆಯ ಮನಸ್ಸಿನಿಂದ ಬರೆದವರು. “ತಪ್ಪು ತಿಳ್ಕೋಬ್ಯಾಡಿ ಮೇಷ್ಟ್ರೇ. ಬರೀಲೇಬೇಕು ಅಂದ್ರೆ ನಿಮ್ಮ ಹೆಸರೇ ಬರ್ಕೊಳ್ಳಿ. ಗೋಡೆ ನಿಮ್ದು, ಇನ್ನೂ ಹಸಿ ಐತೆ.”

“ಅದಕ್ಕೇನಂತೆ, ಬರೆದ್ರಾಯ್ತು,” ಎಂದು ಮೇಷ್ಟ್ರು ನಕ್ಕು ಮೊಳೆ ಎತ್ತಿದರು. ಅಂಜಿನಮ್ಮ ಶ್ರೀರಾಂಪುರದ ಬಸ್ಸು ತಪ್ಪೀತೆಂದು ಬಾಂಡ್ಲಿ ಎತ್ತಿಕೊಂಡು ಹೊರಟಳು.

ಮರುದಿನ ಬೆಳಗ್ಗೆ ಗೋಡೆಗೆ ನೀರು ಹಾಕಲು ಬಂದಾಗ ಸಿಮೆಂಟು ಕಲ್ಲಾಗಿತ್ತು. ಹೆಸರಿರಬೇಕಾದ ಜಾಗದಲ್ಲಿ ಮೊಳೆಯ ತುದಿ ಊರಿದ ಒಂದೇ ಒಂದು ಚುಕ್ಕೆ ಇತ್ತು.