ಬೆಳಗಿನ ಮೊದಲ ನೀರು

ಪರೀಕ್ಷೆಗೆಂದು ಕೊಟ್ಟ ಬಾಟಲಿಗೆ ನೀರು ಹಿಡಿಯುವ ಮೊದಲು ದೊಡ್ಡ ಸೊಸೆ ಅಡುಗೆಮನೆಯ ನಲ್ಲಿಯನ್ನು ಅರ್ಧ ಗಂಟೆ ಧಾರಾಳವಾಗಿ ಬಿಟ್ಟಳು. ಹಾಗೆ ಮಾಡಲೇಬಾರದೆಂದು ನೀರಿನ ಕಚೇರಿಯವನು ಹಿಂದಿನ ದಿನವಷ್ಟೇ ಬಿಡಿಸಿ ಹೇಳಿದ್ದ. "ರಾತ್ರಿಯೆಲ್ಲ ಪೈಪಲ್ಲಿ ನಿಂತ ನೀರೇ ಬೇಕು ನಮಗೆ. ಬೆಳಿಗ್ಗೆ ಯಾರೂ ನಲ್ಲಿ ಮುಟ್ಟೋಕೆ ಮುಂಚೆ ಹಿಡೀರಿ. ಹಳೇ ಪೈಪು ಸೀಸದ್ದಾಗಿದ್ರೆ ಅದರಲ್ಲಿ ಗೊತ್ತಾಗತ್ತೆ. ಸೀಸ ಕಣ್ಣಿಗೆ ಕಾಣಲ್ಲ, ನಾಲಿಗೆಗೆ ತಿಳಿಯಲ್ಲ, ಆದ್ರೆ ಮಕ್ಕಳ ಬುದ್ಧೀನೇ ತಿಂದುಹಾಕತ್ತೆ." ಇದೆಲ್ಲ ಅವಳ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟುಹೋಗಿತ್ತು. ಉಳಿದದ್ದು ಒಂದೇ ಸಂಗತಿ. ಗೋಡೆಯಾಚೆ ಇರುವ ಓರಗಿತ್ತಿಗೂ ಅಂಥದೇ ಒಂದು ಬಾಟಲಿ ಕೊಟ್ಟಿದ್ದಾನೆ.

ಅಣ್ಣತಮ್ಮಂದಿರು ಇದ್ದ ಒಂದು ಮನೆಯ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿಕೊಂಡಿದ್ದರು. ಗೋಡೆ ಎದ್ದರೂ ಅತ್ತೆಯ ಹೋಲಿಕೆ ನಿಂತಿರಲಿಲ್ಲ. ಚಿಕ್ಕವಳು ಒಗೆದ ಬಟ್ಟೆಯೇ ಬಟ್ಟೆ, ಚಿಕ್ಕವಳು ಒರೆಸಿದ ನೆಲವೇ ನೆಲ. ಚಿಕ್ಕವಳು ಕೆಮ್ಮಿದರೂ ಅದರಲ್ಲೊಂದು ಅಚ್ಚುಕಟ್ಟು! ದೊಡ್ಡವಳಿಗೆ ಹೊಟ್ಟೆ ಉರಿಯುತ್ತಿತ್ತು. ಮುಚ್ಚಿಡುವುದೇನು, ಚೆನ್ನಾಗಿಯೇ ಉರಿಯುತ್ತಿತ್ತು. ನೀರಿನಲ್ಲಾದರೂ ಅವಳಿಗಿಂತ ಒಂದು ಕೈ ಮೇಲಾಗಬೇಕೆಂದು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ನಲ್ಲಿಯ ಬಾಯಿ ತಿಕ್ಕಿ, ಬಾಟಲಿಯನ್ನು ಮೂರು ಸಲ ಗಲಬರಿಸಿ, ತಣ್ಣಗೆ ತಿಳಿಯಾಗಿ ಬಂದ ನೀರನ್ನು ಕಂಠಮಟ್ಟ ತುಂಬಿಸಿ ಕೊಟ್ಟಳು.

ಮೂರು ವಾರ ಕಳೆದು ಎರಡು ಕಾಗದ ಬಂದವು. ಚಿಕ್ಕವಳ ನೀರಿನಲ್ಲಿ ಸೀಸ, ಅದೂ ಇರಬಾರದಷ್ಟು. ದೊಡ್ಡವಳದರಲ್ಲಿ ಏನೂ ಇಲ್ಲ. ಅತ್ತೆ ಕನ್ನಡಕ ಏರಿಸಿಕೊಂಡು ಎರಡೆರಡು ಸಲ ಓದಿದರು.

"ಅಯ್ಯೋ, ನಿಂದು ಇಷ್ಟು ಚೊಕ್ಕವಾಗಿದೆಯೇನೇ!"

ಮದುವೆಯಾಗಿ ಒಂಬತ್ತು ವರ್ಷಕ್ಕೆ ಅತ್ತೆಯ ಬಾಯಿಂದ ಬಂದ ಮೊದಲ ಮೆಚ್ಚುಗೆ ಅದು. ಅವತ್ತು ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆ ಕಾಗದವನ್ನು ಊಟದ ಮೇಜಿನ ಎದುರಿನ ಗೋಡೆಗೆ, ಬಂದವರ ಕಣ್ಣಿಗೆ ಬೀಳುವ ಹಾಗೆ ಅಂಟಿಸಿದಳು. ಅರ್ಧ ಗಂಟೆಯ ಸಂಗತಿ ಆಮೇಲೆ ಅವಳಿಗೇ ಮರೆತುಹೋಯಿತು. ತನ್ನ ಸುಳ್ಳನ್ನು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ ನಂಬಿದವಳು ಅವಳೇ.

ಮರುದಿನ ಬೆಳಕು ಹರಿಯುವಾಗ ಚಿಕ್ಕವಳು ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಅಕ್ಕಾ, ನಮ್ಮ ಪೈಪು ಬದಲಾಯಿಸೋವರೆಗೆ ಪುಟ್ಟಿಗೆ ಹಾಲಿನ ಪುಡಿ ಕಲಸೋಕೆ ನಿಮ್ಮನೆ ನೀರು ಕೊಡ್ತೀರಾ?"

"ಅದನ್ನೂ ಕೇಳ್ಬೇಕೇನೇ? ನಮ್ಮನೇಲಿ ಇನ್ನೂ ಯಾರೂ ಎದ್ದಿಲ್ಲ. ಮೊದಲ ನೀರು ನಿಂಗೇ, ಬಾ."

ಅಂದಿನಿಂದ ದಿನಾ ಅದೇ ಪಾಠ. ಕದ ತಟ್ಟುವ ಸದ್ದಾದೊಡನೆ ದೊಡ್ಡವಳು ಲಗುಬಗೆಯಿಂದ ಎದ್ದು, ನಲ್ಲಿ ತಿರುಗಿಸಿ, ಮೊದಲ ಧಾರೆಯನ್ನೇ ಚೊಂಬಿಗೆ ಹಿಡಿದು ಕೊಡುತ್ತಿದ್ದಳು. ಚಿಕ್ಕವಳು ತಲೆ ತಗ್ಗಿಸಿ ಇಸಿದುಕೊಳ್ಳುವ ಆ ಗಳಿಗೆಗಾಗಿ ಅಲಾರಾಂ ಇಟ್ಟುಕೊಂಡು ಏಳುವಷ್ಟು ಹುರುಪು ಬಂದಿತ್ತು. ಹೀಗೆ ಎರಡು ತಿಂಗಳು ನಡೆಯಿತು.

ಕೊನೆಗೊಂದು ದಿನ ಪೈಪಿನ ಕೆಲಸದವನು ಬಂದು ಮನೆಯ ಮುಂದೆ ಗುಂಡಿ ತೋಡಿದ. ಓರಗಿತ್ತಿಗೆ ಬರಲಿರುವ ಹೊಸ ಪೈಪಿನ ಸುರುಳಿ ನೋಡಿದ್ದೇ ದೊಡ್ಡವಳ ಹೊಟ್ಟೆಯಲ್ಲಿ ಮತ್ತೆ ಕಿಚ್ಚು. ಇದರಲ್ಲೂ ಇವಳದೇ ಹೊಸದಾಗಬೇಕೆ? ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗುಂಡಿಯ ಅಂಚಿಗೇ ಬಂದು ನಿಂತಳು.

ಅವನು ಹಳೆಯ ಪೈಪನ್ನು ಚಾಕುವಿನಿಂದ ಕೆರೆದ. ಬೂದುಬಣ್ಣದ ಕೆಳಗೆ ಬೆಳ್ಳಗೆ ಮಿನುಗಿತು. "ಸೀಸಾನೇ," ಎಂದ. ಇನ್ನೆರಡು ಮೊಳ ಮಣ್ಣು ತೆಗೆದವನು ಕತ್ತೆತ್ತಿ ದೊಡ್ಡವಳನ್ನು ನೋಡಿದ. "ಅಮ್ಮಾ, ಬೀದಿಯಿಂದ ಬರೋದು ಒಂದೇ ಪೈಪು. ಇಲ್ಲಿ ಕವಲಾಗಿ ಒಂದು ಅವರ ಕಡೆ ಹೋಗಿದೆ, ಒಂದು ನಿಮ್ಮ ಕಡೆ. ಕೆರೆದು ನೋಡ್ದೆ, ನಿಮ್ಮದೂ ಸೀಸಾನೇ."

"ನಮ್ಮದು ಚೊಕ್ಕ ಅಂತ ಕಾಗದಾನೇ ಬಂದಿದೆಯಲ್ಲಪ್ಪ."

"ಅದಕ್ಕೇ ನಿಮ್ಮದು ಪಟ್ಟೀಲಿಲ್ಲ, ನಾನು ಮುಟ್ಟೋ ಹಾಗಿಲ್ಲ. ಇವರದು ಹಾಕಿ ಸಂಜೆ ಗುಂಡಿ ಮುಚ್ಚಿಬಿಡ್ತೀನಿ." ಅವನು ಹಣೆ ಒರೆಸಿಕೊಂಡ. "ಒಂದ್ಮಾತು ಹೇಳಿ. ಅವತ್ತು ಬಾಟಲಿಗೆ ಬೆಳಗಿನ ಮೊದಲ ನೀರೇ ಹಿಡಿದಿದ್ರಿ ತಾನೇ?"

ಜಗಲಿಯ ಮೇಲೆ ಅತ್ತೆ ಕೂತಿದ್ದರು. ಪಕ್ಕದಲ್ಲಿ ಚಿಕ್ಕವಳು, ಅವಳ ಕಂಕುಳಲ್ಲಿ ಒಂದೂವರೆ ವರ್ಷದ ಪುಟ್ಟಿ. 'ಹೂಂ' ಅಂದರೆ ಸಾಕು, ಗುಂಡಿ ಮುಚ್ಚುತ್ತದೆ, ಮಾನ ಉಳಿಯುತ್ತದೆ. ಒಳಗೆ ಶಾಲೆಯಿಂದ ಬಂದ ಮಗ ಲೋಟಕ್ಕೆ ನೀರು ಬಗ್ಗಿಸಿಕೊಳ್ಳುವ ಸದ್ದು ಕೇಳಿಸಿತು.

"ಕುಡೀಬೇಡ, ಕೆಳಗಿಡು!" ಎಂದು ಅವಳು ಒಳಕ್ಕೆ ಕೂಗಿದಳು. ಆಮೇಲೆ ಯಾರ ಮುಖವನ್ನೂ ನೋಡದೆ ಹೇಳಿದಳು: "ಇಲ್ಲಪ್ಪ. ಅರ್ಧ ಗಂಟೆ ನೀರು ಬಿಟ್ಟು, ಆಮೇಲೆ ಹಿಡಿದೆ."

"ಯಾಕಮ್ಮಾ? ಕಚೇರಿಯವರು ಅಷ್ಟು ಹೇಳಿದ್ರಲ್ಲ."

"ಇವಳದಕ್ಕಿಂತ ನಂದು ಚೆನ್ನಾಗಿರಲಿ ಅಂತ."

ಚಿಕ್ಕವಳು ಬೈಯಲಿಲ್ಲ, ಅಳಲೂ ಇಲ್ಲ. ಮಗುವನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು ಮೆಲ್ಲಗೆ ಕೇಳಿದಳು:

"ಅಕ್ಕಾ, ದಿನಾ ಬೆಳಿಗ್ಗೆ ಪುಟ್ಟಿಗೆ ಹಿಡಿದು ಕೊಡ್ತಿದ್ರಲ್ಲ, ಆವಾಗ ಎಷ್ಟು ಹೊತ್ತು ಬಿಡ್ತಿದ್ರಿ?"