ಅಳಿದ ಹಕ್ಕಿಯ ಕೂಗು

ಪಳೆಯುಳಿಕೆ ಹುಡುಕಲು ಬಂದ ಮೇಡಮ್ಮು ಗವಿಯಿಂದ ಅಗೆದು ತೆಗೆದ ಮೂಳೆಯನ್ನು ಬುಡಬುಡಿಕೆಯ ತುಕ್ಕೋಜಿಯ ಅಂಗೈಮೇಲಿಟ್ಟರು.

“ಗೂಗೆ ಕಾಲು, ಯಜಮಾನ್ರೇ. ಮೊಳದುದ್ದ! ಈ ಜಾತಿ ಅಳಿದು ಸಾವಿರಾರು ವರ್ಷ ಆಯ್ತು.”

ತುಕ್ಕೋಜಿ ಅದನ್ನು ಕಣ್ಣಿಗೊತ್ತಿಕೊಂಡ. ಹಕ್ಕಿಯ ದನಿ ಕೇಳಿ ಶಕುನ ಹೇಳುವ ಅವನ ಮನೆತನದಲ್ಲಿ, ಯಾವ ಹಕ್ಕಿಯದೆಂದು ಯಾರಿಗೂ ತಿಳಿಯದ ಒಂದು ಕೂಗು ತಂದೆಯಿಂದ ಮಗನಿಗೆ ಇಳಿದು ಬಂದಿತ್ತು. ಹಕ್ಕಿ ಮಾರುತ್ತರ ಕೊಡುವ ತನಕ ವರ್ಷಕ್ಕೊಮ್ಮೆ ಈ ಗವಿಯ ಮುಂದೆ ಕೂಗಬೇಕೆಂಬುದು ಹಿರಿಯರ ಕಟ್ಟಳೆ. ಅವನ ಅಪ್ಪನಿಗೆ ಗೂರಲು. ಕೂಗು ಮುಗಿಯುತ್ತಲೇ ಎರಡು ಸಲ ಕೆಮ್ಮುತ್ತಿದ್ದ. ಉತ್ತರ ಕೇಳದೆಯೇ ತೀರಿಕೊಂಡ. ತುಕ್ಕೋಜಿಗೋ ಮಕ್ಕಳಿಲ್ಲ.

“ಹಂಗಾದ್ರೆ ನಮ್ಮಪ್ಪ ಜೀವಮಾನವೆಲ್ಲ ಕರೆದಿದ್ದು ಇಲ್ಲದ್ದನ್ನೇನ್ ತಾಯೀ?”

“ಹೌದಲ್ವಾ, ಇನ್ನೆಲ್ಲಿ ಬರ್ತದೆ ಅದು?”

“ಒಂದೇ ಒಂದ್ ಸಲ ಕೂಗ್ತೀನಿ. ಉತ್ತರ ಬರ್ಲಿಲ್ಲಾಂದ್ರೆ ಈ ಕೂಗು ನನ್ ಜೊತೇಲೇ ಮಣ್ಣಾಗ್ಲಿ.”

ದೇವರನ್ನು ನೆನೆದು, ಎದೆ ತುಂಬ ಉಸಿರೆಳೆದು ಕೂಗಿದ. ಗವಿ ಸುಮ್ಮನಿತ್ತು. ಅವನು ಹಿಂತಿರುಗಿ ಹೆಜ್ಜೆ ಇಟ್ಟಾಗ ಒಳಗಿಂದ ಅದೇ ಕೂಗು ಬಂತು.

“ಪ್ರತಿಧ್ವನಿ ಅಷ್ಟೇ, ಯಜಮಾನ್ರೇ,” ಎಂದು ಮೇಡಮ್ಮು ನಕ್ಕರು.

ಕೂಗು ನಿಂತಿತು. ಗವಿಯ ಕತ್ತಲಲ್ಲಿ ಯಾರೋ ಎರಡು ಸಲ ಕೆಮ್ಮಿದರು.