ಕೋಮಲಾಳ ಕೆನ್ನೆಗೆ ಬಂದ ಅಮ್ಮ

ಕೋಮಲಾಳ ಎರಡೂ ಕೆನ್ನೆಯ ಮೇಲೆ ಎದ್ದಿದ್ದ ಗುಳ್ಳೆಗಳನ್ನು ಕಂಡದ್ದೇ ತಡ, ಅತ್ತೆ ಚಿಕ್ಕಮಾರಮ್ಮ ಕೈಲಿದ್ದ ಪೊರಕೆ ಬಿಸಾಡಿ ಕೈ ಮುಗಿದಳು. “ಅಯ್ಯೋ, ಅಮ್ಮ ಬಂದವ್ಳೆ! ಯಾರೂ ಒಗ್ಗರಣೆ ಹಾಕ್ಬ್ಯಾಡಿ!”

ಬಂದದ್ದು ಅಮ್ಮನಲ್ಲ. ತಂಗಿಯ ಮದುವೆಗೆ ಮುಖ ಹೊಳೆಯಲಿ ಎಂದು ಕೋಮಲಾ ಯಾರಿಗೂ ಹೇಳದೆ ಹೆಬ್ಬೂರಿನಲ್ಲಿ ಬಸ್ಸು ಹತ್ತಿ, ತುಮಕೂರಿನ ಪಾರ್ಲರೊಂದರಲ್ಲಿ ಕೆನ್ನೆಗೆ ಇಂಜೆಕ್ಷನ್ ಚುಚ್ಚಿಸಿಕೊಂಡು ಬಂದಿದ್ದಳು. ಚುಚ್ಚಿದ ಕಡೆಯೆಲ್ಲ ಕೀವು ಕಟ್ಟಿತ್ತು. ನಿಜ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆ ಅವಳ ಕಾಲಿಗೇ ಬಿದ್ದುಬಿಟ್ಟಳು.

“ತಾಯೀ, ಈ ಮನೆ ಸೊಸೇನ ಸೋಮಾರಿ ಅಂತ ಬೀದೀಲೆಲ್ಲ ಹೇಳ್ಕೊಂಡ್ ತಿರುಗ್ದೆ. ತಪ್ಪಾಯ್ತು!”

ಮದುವೆಯಾದ ಮೇಲೆ ಕೋಮಲಾ ಅತ್ತೆಯ ಬಾಯಲ್ಲಿ ಕೇಳಿದ ಮೊದಲ ತಪ್ಪಾಯ್ತು ಅದು! ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಆಮೇಲೇನು ಕೇಳುತ್ತೀರಿ? ಬೇವಿನ ಸೊಪ್ಪಿನ ಹಾಸಿಗೆ, ಕೂತಲ್ಲಿಗೇ ಮೊಸರನ್ನ, ಎಳನೀರು. ಪಾತ್ರೆ ತಿಕ್ಕುವಂತಿಲ್ಲ, ಹಾಲು ಕರೆಯುವಂತಿಲ್ಲ. ಗಂಡ ಅಶ್ವಥ್ ಕೂಡ ಬಾಗಿಲಲ್ಲೇ ನಿಂತು ಬಹುವಚನದಲ್ಲಿ ಮಾತಾಡಿಸಿದ. ಕೋಮಲಾಗೆ ಸ್ವರ್ಗಕ್ಕೆ ಮೂರೇ ಗೇಣು.

ಮೂರನೆಯ ದಿನ ಜ್ವರ ಏರಿತು. ಎಡಗೆನ್ನೆ ಬೋಂಡದಂತೆ ಊದಿ ಕಣ್ಣು ಮುಚ್ಚಿತು. ಅಮ್ಮ ಬಂದವರಿಗೆ ಡಾಕ್ಟರು, ಸೂಜಿ ಯಾವುದೂ ಕೂಡದು. ಹೀಗೇ ಬಿಟ್ಟರೆ ಮುಖವೇ ಕೆಟ್ಟುಹೋದೀತೆಂದು ಅವಳಿಗೆ ನಿಜಕ್ಕೂ ಭಯವಾಯಿತು.

“ಅತ್ತೆ, ಇದು ಅಮ್ಮ ಅಲ್ಲ. ತುಮಕೂರಿನ ಪಾರ್ಲರ್ ಇಂಜೆಕ್ಷನ್ನು.”

ಎಳನೀರು ಹಿಡಿದು ನಿಂತಿದ್ದ ಚಿಕ್ಕಮಾರಮ್ಮ ಅದನ್ನು ಕೆಳಗಿಟ್ಟಳು. “ಅಂಗಾದ್ರೆ ಇಷ್ಟು ದಿನ ನಾನ್ ಬಿದ್ದಿದ್ದು ನಿನ್ ಕಾಲಿಗಾ?”

“ಹೂಂ ಅತ್ತೆ.”

“ನಾನ್ ಕೇಳಿದ್ ತಪ್ಪಾಯ್ತೆಲ್ಲಾ ವಾಪಸ್ ಕೊಡೇ, ಕತ್ತೆ!” ಎಂದು ಕೂಗಿದವಳೇ ಸೊಸೆಯ ಕೆನ್ನೆ ಮುಟ್ಟಿ ನೋಡಿದಳು. ಕೆಂಡದಂತೆ ಸುಡುತ್ತಿತ್ತು. “ಏಳು ಮೇಲಕ್ಕೆ. ತುಮಕೂರ್ಗೆ, ಚರ್ಮದ ಡಾಕ್ಟ್ರ ತಾವ್ಕೆ ಹೋಗಣ.”

ಬಾಗಿಲು ತೆಗೆದರೆ ಪಕ್ಕದ ಮನೆಯ ರಂಗಲಕ್ಷ್ಮಮ್ಮ, ಪೂಜೆಗೆಂದು ತಂಬಿಟ್ಟು ಮಾಡಿಕೊಂಡು ಬಂದು ನಿಂತಿದ್ದಳು. “ಇದೇನಕ್ಕಾ, ಅಮ್ಮ ಬಂದಿರೋಳ್ನ ಎಲ್ಲಿಗ್ ಕರ್ಕೊಂಡ್ ಹೊಂಟೆ?”

ಚಿಕ್ಕಮಾರಮ್ಮ ಸೊಸೆಯ ಮುಖದ ಮೇಲೆ ಸೆರಗೆಳೆದು, ಕಣ್ಣು ಮಿಟುಕಿಸದೆ ಹೇಳಿದಳು:

“ರಾತ್ರಿ ಕನಸಲ್ ಬಂದಿದ್ಲು ಕಣೇ. ‘ನಾನು ತುಮಕೂರ್ನಿಂದ ಬಂದಿದೀನಿ, ಅಲ್ಲಿಗೇ ಬಿಟ್ ಬಾ’ ಅಂದ್ಲು.”